ಯುದ್ಧದ ಕಾದಂಬರೀಲಿ ಯುದ್ಧಕ್ಕಿಂತ ಬೂಟೇ ಯಾಕೆ ಜಾಸ್ತಿ?

ಪ್ರಶ್ನೆ: ಯುದ್ಧದ ಕಾದಂಬರಿ ಅಂತ ಓದೋಕೆ ಕೂತ್ರೆ ಬರೀ ಬೂಟು, ಊಟ, ಕೆಸರು, ಹೇನು. ಶೌರ್ಯ ಎಲ್ಲಿ ಸಾರ್?

ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ ಮಾರಾಯ್ರೆ. ಮದುವೆಮನೆ ಪಂಕ್ತೀಲಿ ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಾ ಕೂಡ ಒಬ್ರು ಇದನ್ನೇ ಕೇಳಿದ್ರು. ಇರ್ಲಿ, ಇನ್ನೊಂದ್ಸಲ ಹೇಳ್ತೀನಿ.

ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆಯೋರಿಗೆ ಅರ್ಧ ಉತ್ತರ ಆಗ್ಲೇ ಗೊತ್ತು. ಮಳೆಗಾಲದಲ್ಲಿ ನಟ್ಟಿ ಮಾಡಿ ಕಾಲ್ಬೆರಳ ಸಂದೀಲಿ ಕೆಸರುಹುಣ್ಣು ಮಾಡ್ಕೊಂಡೋರು ತಾನೆ ನಾವು? ಅದೇ ಕಾಲು ಸಂಜೆ ಬಿಸಿನೀರು, ಒಲೆ ಬೆಂಕಿ ಏನೂ ಕಾಣದೆ ವಾರಗಟ್ಲೆ ನೀರು ನಿಂತ ಗುಂಡೀಲಿ ಇದ್ರೆ ಹೆಂಗಿರತ್ತೆ ಅಂತ ಯೋಚಿಸಿ. ಮೊದಲನೇ ಮಹಾಯುದ್ಧದ ಕಂದಕಗಳಲ್ಲಿ ಸಾವಿರಾರು ಜನರ ಪಾದ ಹಂಗೇ ಕೊಳೀತು. ಅಂಥೋನು ಬೂಟಿನ ಬಗ್ಗೆ ಯೋಚಿಸ್ದೆ ಇನ್ನೇನು ಭೂಪಟ ನೋಡ್ಕೊಂಡು ಕೂರ್ತಾನಾ?

ಆ ಯುದ್ಧದಲ್ಲಿ ಗಾಯಗೊಂಡಿದ್ದ ರೆಮಾರ್ಕ್ ಬರೆದ ಜರ್ಮನ್ ಕಾದಂಬರಿ ಇದೆಯಲ್ಲ, ಇಂಗ್ಲಿಷಲ್ಲಿ ‘ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್’, 1929ರಲ್ಲಿ ಪುಸ್ತಕ ಆಗಿ ಬಂದದ್ದು, ಅದ್ರಲ್ಲಿ ಒಂದು ಜೊತೆ ಒಳ್ಳೆ ಬೂಟು ಬರತ್ತೆ. ಕಾಲು ಕತ್ತರಿಸಿರೋ ಹುಡುಗ ಕೆಮೆರಿಕ್ ಆಸ್ಪತ್ರೇಲಿ ಸಾಯ್ತಾ ಮಲಗಿದಾನೆ, ಮ್ಯುಲರ್ ಅನ್ನೋ ಗೆಳೆಯನಿಗೆ ಆ ಬೂಟಿನ ಮೇಲೆ ಕಣ್ಣು. ಕಟುಕ ಅಂತ ಬೈಬೇಡಿ, ಅವನದ್ದು ಸರಳ ಲೆಕ್ಕ, ಇವನಿಗೆ ಬೇಡವಾದ್ದು ನಂಗೆ ಬೇಕು. ಆಮೇಲೆ ಮ್ಯುಲರ್ ಸಾಯ್ತಾನೆ, ಬೂಟು ಕಥೆ ಹೇಳೋ ಪೌಲ್‌ಗೆ ಬರತ್ತೆ, ಅವನು ಅದನ್ನ ಮುಂದೆ ಯಾರಿಗೆ ಅಂತಾನೂ ಹೇಳಿಟ್ಟಿರ್ತಾನೆ. ಸಾವಿನ ಬಗ್ಗೆ ಒಂದು ಸಾಲು ಭಾಷಣ ಇಲ್ಲ, ಆದ್ರೆ ಬೂಟು ಕಾಲಿಂದ ಕಾಲಿಗೆ ಹೋದಂಗೆಲ್ಲ ನಿಮ್ಮ ಎದೆ ಹಿಡ್ಕೊಳತ್ತೆ.

ಈಗ ಆ ಹಠಮಾರಿ ನಂಬಿಕೆಗೆ ಬರ್ತೀನಿ. ಸೈನಿಕನ ಕಥೆಗೆ ಗುಡುಗೋ ಭಾಷೆ ಬೇಕು, ರಣಕಹಳೆ, ನೆತ್ತರ ಕೋಡಿ, ವೀರಸ್ವರ್ಗ ಇಲ್ದಿದ್ರೆ ಅವನಿಗೆ ಅವಮಾನ, ಅನ್ನೋದು. ಅಲ್ಲ ರೀ, ಈ ಪದಗಳನ್ನ ಯುದ್ಧದಲ್ಲಿ ಯಾರು ಬಳಸ್ತಾರೆ ಅಂತ ಒಂದ್ಸಲನಾದ್ರೂ ನೋಡಿದೀರಾ? ಅದೇ ಕಾದಂಬರೀಲಿ ಅವನ್ನ ಬಳಸೋನು ಕಾಂಟೊರೆಕ್ ಅನ್ನೋ ಮೇಷ್ಟ್ರು. ಭಾಷಣ ಮಾಡಿ ಮಾಡಿ ಇಡೀ ಕ್ಲಾಸನ್ನ ಸೈನ್ಯಕ್ಕೆ ಸೇರಿಸ್ತಾನೆ, ಬರಲ್ಲ ಅಂತ ಹಿಂದೇಟು ಹಾಕಿದ ಬೇಮ್ ಅನ್ನೋ ಹುಡುಗನೇ ಮೊದಮೊದಲು ಸಾಯೋರಲ್ಲಿ ಒಬ್ಬ. ನಾನೂ ಮೇಷ್ಟ್ರೇ ಆಗಿದ್ದೋನು, ಆ ಪುಟ ಬಂದಾಗೆಲ್ಲ ಕನ್ನಡಕ ಒರೆಸ್ಕೊಳ್ಳೋ ನೆಪ ಹುಡುಕ್ತೀನಿ. ದೊಡ್ಡ ಪದ ಕಂದಕದಿಂದ ದೂರ ಇರೋರ ಸೊತ್ತು. ಅದನ್ನ ಪ್ರೀತಿಸೋರಿಗೆ ಈ ಪುಸ್ತಕ ಎಷ್ಟು ಉರಿ ತರ್ಸ್ತು ಅಂದ್ರೆ 1933ರಲ್ಲಿ ನಾಜಿಗಳು ಇದನ್ನ ಬೆಂಕಿಗೆ ಹಾಕಿದ್ರು, 1938ರಲ್ಲಿ ರೆಮಾರ್ಕ್‌ನ ಪೌರತ್ವನೇ ಕಿತ್ಕೊಂಡ್ರು.

ಕೊನೇ ಪುಟ ನೋಡಿ, ಅದು ನಿಜವಾಗ್ಲೂ ಭಾಷೆ ಗೊತ್ತಿರೋನ ಕೆಲಸ. ಇಡೀ ಪುಸ್ತಕ ‘ನಾನು’ ‘ನಾನು’ ಅಂತ ಹೇಳ್ಕೊಂಡು ಬಂದಿರತ್ತೆ, ಕೊನೇಲಿ ಸಡನ್ನಾಗಿ ‘ಅವನು’ ಆಗತ್ತೆ. 1918ರ ಅಕ್ಟೋಬರ್, ಅವನು ಸತ್ತ, ಆವತ್ತಿನ ಸೈನ್ಯದ ವರದೀಲಿ ಇದ್ದದ್ದು ಒಂದೇ ಸಾಲು, ಪಶ್ಚಿಮದಲ್ಲಿ ವಿಶೇಷ ಏನಿಲ್ಲ ಅಂತ. ಒಂದು ಸರ್ವನಾಮ ಬದಲಾಯ್ತು, ಅಷ್ಟೇ.

ವಿಯೆಟ್ನಾಂ ಬಗ್ಗೆ ಬರೆದ ಅಮೆರಿಕದ ಟಿಮ್ ಓಬ್ರಿಯನ್ ಇನ್ನೊಂದು ದಾರಿ ಹಿಡೀತಾನೆ. ‘ದ ಥಿಂಗ್ಸ್ ದೇ ಕ್ಯಾರೀಡ್’ ಅಂತ 1990ರ ಪುಸ್ತಕ ಅದು, ಯಾರು ಏನೇನು ಹೊತ್ತಿದ್ರು ಅಂತ ದಿನಸಿ ಚೀಟಿ ಥರ ತೂಕದ ಸಮೇತ ಪಟ್ಟಿ. ಬಂದೂಕಿಗೂ ತೂಕ, ಹುಡುಗಿ ಬರೆದ ಕಾಗದಕ್ಕೂ ತೂಕ, ಅದೇ ಪಟ್ಟೀಲಿ ಭಯಾನೂ ಬಂದು ಕೂರತ್ತೆ.

ಹಂಗಾದ್ರೆ ಸತ್ತೋರ ಬಗ್ಗೆ ಈ ಸೈನಿಕರು ತಮಾಷೆ ಯಾಕೆ ಮಾಡ್ತಾರೆ ಅಂತ ಯಾರೂ ಕೇಳಲ್ಲ ನೋಡಿ, ನಾನೇ ಹೇಳ್ತೀನಿ. ನಾವು ‘ಟಿಕೆಟ್ ತಗೊಂಡ’, ‘ಗೊಟಕ್ ಅಂದ’ ಅನ್ನಲ್ವಾ, ಅದೇ. ಜೊತೆಗಿದ್ದೋನು ಸತ್ತ ಅಂತ ನೇರ ಹೇಳಿದ್ರೆ ನಾಳೆ ಬೆಳಿಗ್ಗೆ ಏಳೋಕಾಗಲ್ಲ.

ಕನ್ನಡದಲ್ಲಿ ಇದೆಲ್ಲ ಇಲ್ಲ ಅಂತೀರಾ? ರನ್ನನ ದುರ್ಯೋಧನ ಹೆಣಗಳ ಮಧ್ಯೆ ಎಡವಿಕೊಂಡು ನಡೆಯೋದನ್ನ ಓದಿ ಮೊದಲು. ಅದು ಕಷ್ಟ ಆದ್ರೆ ಶಿವಮೊಗ್ಗದ ಶಿವಪ್ಪನಾಯಕನ ಅರಮನೆ ಅಂಗಳಕ್ಕೆ ಹೋಗಿ, ವೀರಗಲ್ಲುಗಳಿವೆ. ಸಾಮಾನ್ಯವಾಗಿ ವೀರಗಲ್ಲಲ್ಲಿ ಮೂರು ಅಂತಸ್ತು, ಮೇಲೆ ಶಿವಲಿಂಗದ ಮುಂದೆ ವೀರ, ನಡುವೆ ಅವನನ್ನ ಕರ್ಕೊಂಡ್ಹೋಗೋ ಅಪ್ಸರೆಯರು. ಎಲ್ರೂ ಫೋಟೋ ತೆಗೆಯೋದು ಅದನ್ನೇ. ಕೆಳಗಿನ ಅಂತಸ್ತು ನೋಡ್ಬೇಕು ಅಂದ್ರೆ ಮೊಣಕಾಲೂರಿ ಕೂರ್ಬೇಕು. ತುರುಗೋಳಲ್ಲಿ, ಅಂದ್ರೆ ದನ ಹೊಡ್ಕೊಂಡು ಹೋಗೋರ ಜೊತೆ ನಡೆದ ಕಾಳಗದಲ್ಲಿ, ಸತ್ತೋನ ಕಲ್ಲಾದ್ರೆ ಅಲ್ಲಿ ಕತ್ತಿ ಹಿಡಿದೋನ ಪಕ್ಕದಲ್ಲಿ ಅವನು ಬಿಡಿಸ್ಕೊಂಡು ಬಂದ ದನಗಳು ಒಂದರ ಹಿಂದೆ ಒಂದು ನಿಂತಿರ್ತಾವೆ.