ಪಚ್ಚಿಲೆಯಲ್ಲಿ ಪೊಲೋನಿಯಂ-210: ಟ್ರೇಸರ್ ಯಾಕೆ ಮೊದಲೇ ಹಾಕಬೇಕು?

ಪಚ್ಚಿಲೆ (ಕಡಲ ಚಿಪ್ಪುಜೀವಿ), ಬೂತಾಯಿ ಮೀನುಗಳಲ್ಲಿ ವಿಕಿರಣಶೀಲ ಪೊಲೋನಿಯಂ-210 ಸಹಜವಾಗಿಯೇ ಇರುತ್ತದೆ. ಯುರೇನಿಯಂ-238ರ ಸರಪಳಿಯ ಕೊನೆಯ ವಿಕಿರಣಶೀಲ ಕೊಂಡಿ ಇದು. ಅರ್ಧಾಯುಷ್ಯ 138 ದಿನ. ಮಾಂಸಕ್ಕಿಂತ ಜೀರ್ಣಾಂಗಗಳಲ್ಲಿ ಜಾಸ್ತಿ ಸೇರುತ್ತದೆ. ಪಚ್ಚಿಲೆಯನ್ನು ನಾವು ಹೊಟ್ಟೆ ಸಮೇತ ತಿನ್ನುತ್ತೇವೆ, ಅಲ್ವಾ? ಅದಕ್ಕೇ ಈ ಅಳತೆ ಮುಖ್ಯ.

ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು 1 ಬೆಕೆರೆಲ್. 1 ಬೆಕೆರೆಲ್ ಪೊಲೋನಿಯಂ-210 ಅಂದರೆ ಸುಮಾರು 1.7 ಕೋಟಿ ಪರಮಾಣು. ತೂಕ ಬರೀ 6 ಫೆಮ್ಟೋಗ್ರಾಂ. ಅದೇ 1 ಬೆಕೆರೆಲ್ ಯುರೇನಿಯಂ-238ಕ್ಕೆ ಸುಮಾರು 80 ಮೈಕ್ರೋಗ್ರಾಂ ಬೇಕು. ಹಾಗಾಗಿ ಯುರೇನಿಯಂಗೆ ಮಾಸ್ ಸ್ಪೆಕ್ಟ್ರೋಮೀಟರ್ (ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಯಂತ್ರ) ಒಗ್ಗುತ್ತದೆ. ಪೊಲೋನಿಯಂಗೆ ಹೊರಬೀಳುವ ಆಲ್ಫಾ ಕಣಗಳನ್ನು ಎಣಿಸುವುದೇ ಸರಿ.

ಸ್ಯಾಂಪಲನ್ನು ಕುಲುಮೆಯಲ್ಲಿ ಸುಟ್ಟು ಬೂದಿ ಮಾಡಬೇಡಿ. ಆ ಬಿಸಿಗೆ ಪೊಲೋನಿಯಂ ಹಾರಿಹೋಗುತ್ತದೆ. ನೈಟ್ರಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಹದವಾದ ಬಿಸಿಯಲ್ಲಿ ಕರಗಿಸಬೇಕು. ಆಮೇಲೆ ಸುಮಾರು 0.5 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ತಂದು, 80–90 ಡಿಗ್ರಿಯಲ್ಲಿ ಬೆಳ್ಳಿ ಬಿಲ್ಲೆ ಇಳಿಬಿಟ್ಟು ಕೆಲವು ಗಂಟೆ ಕಲಕಿದರೆ ಪೊಲೋನಿಯಂ ತಾನಾಗಿ ಬಿಲ್ಲೆಗೆ ಅಂಟುತ್ತದೆ. ಕರೆಂಟ್ ಕೊಡಬೇಕಿಲ್ಲ. ಕಬ್ಬಿಣ ಅಡ್ಡಿ ಮಾಡದಿರಲಿ ಅಂತ ಆಸ್ಕಾರ್ಬಿಕ್ ಆಮ್ಲ ಸೇರಿಸುತ್ತಾರೆ. ನನಗೆ ಈ ವಿಧಾನದಲ್ಲಿ ತುಂಬ ಇಷ್ಟವಾಗುವ ಹಂತ ಇದು.

ಆದರೆ ದಾರಿಯಲ್ಲಿ ಎಷ್ಟು ಸೋರಿತು ಅಂತ ಗೊತ್ತಾಗುವುದು ಹೇಗೆ? ಅದಕ್ಕೇ ಟ್ರೇಸರ್. ಆಮ್ಲ ಹಾಕುವ ಮೊದಲೇ ಗೊತ್ತಿರುವಷ್ಟು ಪೊಲೋನಿಯಂ-209 ಸೇರಿಸುತ್ತೇವೆ. ರಸಾಯನ ಒಂದೇ, ಹಾಗಾಗಿ ಎರಡೂ ಒಂದೇ ಪ್ರಮಾಣದಲ್ಲಿ ಕಳೆದುಹೋಗುತ್ತವೆ. ಡಿಟೆಕ್ಟರಿನಲ್ಲಿ ಮಾತ್ರ ಬೇರೆಬೇರೆ ಕಾಣುತ್ತವೆ: 209ರ ಆಲ್ಫಾ ಕಣಗಳ ಶಿಖರ 4.88 ಎಂಇವಿಯಲ್ಲಿ (ಇದು ಕಣದ ಶಕ್ತಿಯ ಅಳತೆ), 210ರದ್ದು 5.30ರಲ್ಲಿ. ಟ್ರೇಸರನ್ನು ಕೊನೆಗೆ ಹಾಕಿದರೆ ಅದಕ್ಕೂ ಮೊದಲಿನ ನಷ್ಟ ಲೆಕ್ಕಕ್ಕೇ ಬರುವುದಿಲ್ಲ.

ಒಂದು ಲೆಕ್ಕ ಮಾಡೋಣ. 5 ಗ್ರಾಂ ಒಣ ಪಚ್ಚಿಲೆಗೆ 50 ಮಿಲಿಬೆಕೆರೆಲ್ ಟ್ರೇಸರ್ ಹಾಕಿದೆವು ಅನ್ನಿ. 209ಕ್ಕೆ 400 ಎಣಿಕೆ, 210ಕ್ಕೆ 1,200 ಸಿಕ್ಕಿತು. ಅನುಪಾತ 3. ಅಂದರೆ 150 ಮಿಲಿಬೆಕೆರೆಲ್, ಕಿಲೋಗೆ 30 ಬೆಕೆರೆಲ್. ಡಿಟೆಕ್ಟರಿನ ದಕ್ಷತೆ ಎಷ್ಟು ಅಂತ ಕೇಳಲೇ ಇಲ್ಲ, ಗಮನಿಸಿದಿರಾ? ಅನುಪಾತದಲ್ಲಿ ಅದು ರದ್ದಾಗುತ್ತದೆ. ಎಣಿಕೆಯ ಅನಿಶ್ಚಿತತೆ ಸುಮಾರು 6%. ಅದರಲ್ಲಿ ಹೆಚ್ಚಿನ ಪಾಲು 400ರ ಕಡೆಯಿಂದಲೇ ಬರುತ್ತದೆ.

ಇದು ಅಳೆದ ದಿನದ ಪ್ರಮಾಣ. ಪಚ್ಚಿಲೆ ತೆಗೆದ ದಿನಕ್ಕೆ ಹಿಂದೆ ಹೋಗಬೇಕಾದರೆ ಸುಮ್ನೆ ಅರ್ಧಾಯುಷ್ಯದ ಸೂತ್ರ ಹಾಕಿದರೆ ಸಾಲದು. ಸ್ಯಾಂಪಲಿನಲ್ಲಿ ಸೀಸ-210 ಇದ್ದರೆ ಅದರಿಂದ ಹೊಸ ಪೊಲೋನಿಯಂ ಹುಟ್ಟುತ್ತಲೇ ಇರುತ್ತದೆ. ಸೀಸ ಬೆಳ್ಳಿಗೆ ಅಂಟುವುದಿಲ್ಲ, ದ್ರಾವಣದಲ್ಲೇ ಉಳಿಯುತ್ತದೆ. ಆದ್ದರಿಂದ ಉಳಿಕೆ ಪೊಲೋನಿಯಂ ಪೂರ್ತಿ ತೆಗೆದು, ದ್ರಾವಣವನ್ನು ಕೆಲವು ತಿಂಗಳು ಇಟ್ಟು, ಹೊಸ ಟ್ರೇಸರ್ ಹಾಕಿ ಇನ್ನೊಂದು ಬಿಲ್ಲೆ ಇಳಿಬಿಡಿ. ಆಗ ಹೊಸದಾಗಿ ಹುಟ್ಟಿದ ಪೊಲೋನಿಯಂನಿಂದ ಸೀಸ-210 ಎಷ್ಟಿತ್ತು ಅಂತ ಲೆಕ್ಕ ಹಾಕಬಹುದು.