ಇಂಗ್ಲಿಷ್ ಸ್ಪೆಲ್ಲಿಂಗ್ ಹುಚ್ಚಲ್ಲ, ಹಳತು

ಇಂಗ್ಲಿಷ್ ಸ್ಪೆಲ್ಲಿಂಗಿಗೆ ತಲೆಬುಡ ಇಲ್ಲ ಎನ್ನುವ ಮಾತು ಕಲಬುರಗಿಯಲ್ಲಿ ಮನೆಮನೆಗೂ ಕೇಳುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಕನ್ನಡ ಬರೆದಂತೆ ಓದುವ ಭಾಷೆ, ಅದಕ್ಕೇ ಅದು ವೈಜ್ಞಾನಿಕ. ಎರಡೂ ಅರ್ಧ ಸತ್ಯ. ಇವೆರಡರ ನಡುವೆ ಬೈಸಿಕೊಳ್ಳುವವರು ಮಾತ್ರ ಮಕ್ಕಳು. ‘ನೈಫ್’ ಬರೆಯುವಾಗ ಮೊದಲಿನ ‘ಕೆ’ ಬಿಟ್ಟ ಹುಡುಗನಿಗೆ ದಡ್ಡ ಎಂಬ ಹೆಸರು ಬೀಳುತ್ತದೆ. ಕಿವಿಗೆ ಬಿದ್ದದ್ದನ್ನು ಅವನು ಸರಿಯಾಗಿಯೇ ಬರೆದಿದ್ದಾನೆ, ಅಲ್ವಾ?

ಇಂಗ್ಲಿಷ್ ಸ್ಪೆಲ್ಲಿಂಗಿಗೆ ಬುಡ ಇದೆ. ಅದು ಸುಮಾರು ಆರು ನೂರು ವರ್ಷ ಹಿಂದಿದೆ, ಅಷ್ಟೇ.

ಇದು ನಮಗೆ ಹೊಸದೇನಲ್ಲ. ಕಲಬುರಗಿಯ ಖ್ವಾಜಾ ಬಂದೇ ನವಾಜರ ಹೆಸರನ್ನು ಉರ್ದುವಿನಲ್ಲಿ ಬರೆದದ್ದು ನೋಡಿ. ‘ಖೇ’ ಆದ ಮೇಲೆ ‘ವಾವ್’, ಆಮೇಲೆ ‘ಅಲಿಫ್’. ಆದರೆ ಉರ್ದು ಮಾತಾಡುವವರ ಬಾಯಲ್ಲಿ ಅದು ‘ಖಾಜಾ’. ಪದ ಫಾರ್ಸಿಯದು. ಒಂದು ಕಾಲದಲ್ಲಿ ಅಲ್ಲಿ ಆ ‘ವ’ ನಿಜವಾಗಿ ಕೇಳುತ್ತಿತ್ತು. ನಾಲಿಗೆ ಅದನ್ನು ಬಿಟ್ಟಿತು, ಲೇಖನಿ ಬಿಡಲಿಲ್ಲ. ‘ನೈಫ್’ನ ಕೆ ಕೂಡ ಇದೇ ರೀತಿ ಉಳಿದದ್ದು. ಹಳೆಯ ಇಂಗ್ಲಿಷರು ಅದನ್ನು ‘ಕ್ನೀಫ್’ ಎನ್ನುತ್ತಿದ್ದರು. ‘ನೈಟ್’ನಲ್ಲಿ ಸುಮ್ನೆ ಕೂತಿರುವ ‘ಜಿ-ಎಚ್’ಗೂ ಸದ್ದಿತ್ತು. ಖಾಜಾ ಎನ್ನುವಾಗ ಗಂಟಲಲ್ಲಿ ಉಜ್ಜಿ ಬರುವ ‘ಖ’ ಇದೆಯಲ್ಲ, ಅದಕ್ಕೆ ಹತ್ತಿರದ ಸದ್ದು. ಜರ್ಮನ್ನರು ಇಂದಿಗೂ ರಾತ್ರಿಗೆ ‘ನಖ್ಟ್’ ಎನ್ನುತ್ತಾರೆ.

ಹಾಗಾದರೆ ಲೇಖನಿ ಯಾಕೆ ಬಿಡಲಿಲ್ಲ? ಬೀದರಿನಲ್ಲಿ ಮಹಮೂದ್ ಗಾವಾನನ ಮದರಸಾ ಎದ್ದದ್ದು 1472ರಲ್ಲಿ. ಅದಾಗಿ ನಾಲ್ಕೇ ವರ್ಷಕ್ಕೆ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣ ಯಂತ್ರ ಇಟ್ಟ. ಅಚ್ಚು ಬಂದ ಮೇಲೆ ಸ್ಪೆಲ್ಲಿಂಗ್ ನಿಧಾನವಾಗಿ ಗಟ್ಟಿಯಾಯಿತು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟು ಬರುವ ಹೊತ್ತಿಗೆ ಬಹುಪಾಲು ನಿಂತೇ ಹೋಗಿತ್ತು. ಆದರೆ ಅದೇ ಕಾಲದಲ್ಲಿ, ಸುಮಾರು 1400ರಿಂದ 1700ರವರೆಗೆ, ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸುತ್ತಿದ್ದವು.

ಈ ಬದಲಾವಣೆ ನನಗೆ ತುಂಬಾ ಇಷ್ಟದ ವಿಷಯ. ಕನ್ನಡ ಬಲ್ಲವರಿಗೆ ಇದು ಸುಲಭವಾಗಿ ಹಿಡಿಸುತ್ತದೆ. ಆ, ಏ, ಈ ಎಂದು ನಿಧಾನವಾಗಿ ಹೇಳಿ ನೋಡಿ. ನಾಲಿಗೆ ಮೆಟ್ಟಿಲು ಹತ್ತಿದಂತೆ ಮೇಲೇರುತ್ತದೆ. ಇಂಗ್ಲಿಷಿನ ಸ್ವರಗಳೂ ಹೀಗೇ ಒಂದೊಂದು ಮೆಟ್ಟಿಲು ಏರಿದವು. ‘ನೇಮ್’ ಎನ್ನುವುದು ಮೊದಲು ‘ನಾಮ’ ಎಂದೇ ಇತ್ತು, ನಮ್ಮ ನಾಮದಂತೆಯೇ. ಆ ಹೋಗಿ ಏ ಆಯಿತು. ‘ಮೂನ್’ ಮೊದಲು ‘ಮೋನ್’ ಆಗಿತ್ತು. ಓ ಹೋಗಿ ಊ ಆಯಿತು. ಈಗಾಗಲೇ ತುದಿಯಲ್ಲಿದ್ದ ಈ ಮತ್ತು ಊ ಎಲ್ಲಿಗೆ ಹೋಗಬೇಕು? ಅವು ಒಡೆದು ಐ ಮತ್ತು ಔ ಆದವು. ‘ಟೀಮ’ ಇದ್ದದ್ದು ‘ಟೈಮ್’, ‘ಹೂಸ್’ ಇದ್ದದ್ದು ‘ಹೌಸ್’. ಅಕ್ಷರಗಳ ಹೆಸರೂ ಇದರ ಜೊತೆಗೇ ಏರಿದವು. ಆ, ಏ, ಈ ಎಂದು ಕರೆಸಿಕೊಳ್ಳುತ್ತಿದ್ದ ಅಕ್ಷರಗಳನ್ನು ಇಂಗ್ಲಿಷ್ ಮಗು ಇವತ್ತು ಎ, ಇ, ಐ ಎಂದು ಕಲಿಯುತ್ತದೆ. ಸ್ಪ್ಯಾನಿಷ್ ಮಗು ಮಾತ್ರ ಅವೇ ಅಕ್ಷರಗಳಿಗೆ ಇಂದಿಗೂ ಆ, ಎ, ಇ, ಓ, ಉ ಎನ್ನುತ್ತದೆ.

ಕೆಲವು ತೊಡಕು ಪಂಡಿತರೇ ತಂದದ್ದು. ಸಾಲಕ್ಕೆ ‘ಡೆಟ್’ ಎನ್ನುತ್ತಾರಲ್ಲ, ಅದರಲ್ಲಿ ‘ಬಿ’ ಇರಲೇ ಇಲ್ಲ. ಲ್ಯಾಟಿನ್ ಮೂಲದಲ್ಲಿ ಇದೆ ಎಂದು ಆಮೇಲೆ ತುರುಕಿದರು.

ಸ್ಪ್ಯಾನಿಷ್ ಬೇರೆ ದಾರಿ ಹಿಡಿಯಿತು. 1713ರಲ್ಲಿ ಮ್ಯಾಡ್ರಿಡ್‌ನಲ್ಲಿ ರಾಯಲ್ ಸ್ಪ್ಯಾನಿಷ್ ಅಕಾಡೆಮಿ ಹುಟ್ಟಿತು. 1741ರಲ್ಲಿ ಅದು ಕಾಗುಣಿತದ ಪುಸ್ತಕ ತಂದಾಗ ‘ಆರ್ಥೋಗ್ರಫಿಯಾ’ ಎಂಬ ಹೆಸರಿನಲ್ಲೇ ‘ಟಿ-ಎಚ್’ ಇತ್ತು, ‘ಪಿ-ಎಚ್’ ಇತ್ತು. 1754ರ ಎರಡನೇ ಮುದ್ರಣದಲ್ಲಿ ಬರೀ ‘ಟಿ’ ಮತ್ತು ‘ಎಫ್’ ಉಳಿದವು. ನಮ್ಮ ಕಡೆ ಯಾರಾದರೂ ‘ಇಸ್ಟೇಷನ್’, ‘ಇಸ್ಕೂಲ್’ ಎಂದರೆ ಜನ ನಗುತ್ತಾರೆ. ಸ್ಪ್ಯಾನಿಷರ ನಾಲಿಗೆಯೂ ಹೀಗೇ. ಅವರು ‘ಎಸ್ಟಾಸಿಯೋನ್’, ‘ಎಸ್ಕ್ವೇಲಾ’ ಎನ್ನುತ್ತಾರೆ, ಆ ಮುಂದಿನ ‘ಎ’ಯನ್ನು ಬರೆಯುತ್ತಾರೆ ಕೂಡ. ಹಾಗಂತ ಸ್ಪ್ಯಾನಿಷ್ ಪೂರ್ತಿ ಶುದ್ಧವೇನಲ್ಲ. ಅಲ್ಲಿ ‘ಎಚ್’ ಬರೆಯುತ್ತಾರೆ, ಓದುವುದಿಲ್ಲ. ‘ಬಿ’ ಮತ್ತು ‘ವಿ’ ಎರಡಕ್ಕೂ ಒಂದೇ ಸದ್ದು. ಓದುವುದು ಸುಲಭ, ಬರೆಯುವಾಗ ಅಲ್ಲಿನ ಮಕ್ಕಳೂ ಎಡವುತ್ತಾರೆ.

ಇನ್ನು ಕನ್ನಡ. ಕಾಗಿಣಾ ದಂಡೆಯ ಮಳಖೇಡದಲ್ಲಿ, 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತು. ಆ ಕಾಲದ ಕನ್ನಡದಲ್ಲಿ ಹಾಲು ‘ಪಾಲ್’, ಹೂವು ‘ಪೂ’, ಹುಲಿ ‘ಪುಲಿ’. ಮುಂದಿನ ಶತಮಾನಗಳಲ್ಲಿ ‘ಪ’ ಸವೆದು ‘ಹ’ ಆಯಿತು. ನಮ್ಮವರು ಬರಹವನ್ನೂ ಬದಲಿಸಿದರು. ‘ಱ’ ಮತ್ತು ‘ೞ’ ಸದ್ದುಗಳು ಬಾಯಿಂದ ಹೋದವು, ಆಮೇಲೆ ಅಕ್ಷರಮಾಲೆಯಿಂದಲೂ ಹೋದವು. ನಾವೂ ಇಂಗ್ಲಿಷಿನ ದಾರಿ ಹಿಡಿದಿದ್ದರೆ ಇವತ್ತು ‘ಪಾಲು’ ಎಂದು ಬರೆದು ‘ಹಾಲು’ ಎಂದು ಓದುತ್ತಿದ್ದೆವು. ಲಿಪಿ ಸದ್ದಿನ ಹಿಂದೆ ಹೋಯಿತೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ. ಇದರಿಂದ ಒಂದು ಭಾಷೆ ವೈಜ್ಞಾನಿಕ, ಇನ್ನೊಂದು ಅಲ್ಲ ಎಂದಾಗುವುದಿಲ್ಲ. ಮೊಬೈಲಿನಲ್ಲಿ ಹರಿದಾಡುವ ಅಂಥ ಸಂದೇಶಗಳನ್ನು ದಯವಿಟ್ಟು ಮಕ್ಕಳಿಗೆ ಪಾಠದಂತೆ ಹೇಳಬೇಡಿ. ‘ಋಷಿ’ ಎಂದು ಬರೆದು ‘ರುಶಿ’ ಎನ್ನುವವರು ನಮ್ಮಲ್ಲೇ ಜಾಸ್ತಿ. ಬಾಯಲ್ಲಿ ‘ಬರಲಕತ್ತೀನಿ’, ಪರೀಕ್ಷೆಯಲ್ಲಿ ‘ಬರುತ್ತಿದ್ದೇನೆ’. ಈ ದೂರವನ್ನು ಕಲಬುರಗಿಯ ಮಗು ಕನ್ನಡದಲ್ಲೂ ದಾಟಲೇಬೇಕು.

ಸ್ಪೆಲ್ಲಿಂಗಿನ ಭಾರ ಎಷ್ಟೆಂದು ಅಳೆದು ನೋಡಿದವರೂ ಇದ್ದಾರೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಯುರೋಪಿನ ಹಲವು ಭಾಷೆಗಳ ಮಕ್ಕಳ ಓದನ್ನು ಹೋಲಿಸಿತು. ಶಾಲೆಯ ಮೊದಲ ವರ್ಷದ ಕೊನೆಗೆ ಸ್ಪ್ಯಾನಿಷ್ ಮಕ್ಕಳು ಪರಿಚಿತ ಪದಗಳಲ್ಲಿ ಸುಮಾರು ಶೇ. 95ರಷ್ಟನ್ನು ಸರಿಯಾಗಿ ಓದಿದರು. ಸ್ಕಾಟ್ಲೆಂಡಿನ ಇಂಗ್ಲಿಷ್ ಮಕ್ಕಳು ಓದಿದ್ದು ಸುಮಾರು ಶೇ. 34. ಅಲ್ಲಿ ಮಕ್ಕಳು ಶಾಲೆಗೆ ಬೇಗ ಸೇರುತ್ತಾರೆ, ಅದೂ ಒಂದು ಕಾರಣ. ಎರಡನೇ ವರ್ಷದವರಲ್ಲಿ ಅದು ಶೇ. 76ಕ್ಕೆ ಏರಿತ್ತು. ಮನೆಯಲ್ಲೇ ಇಂಗ್ಲಿಷ್ ಆಡುವ ಮಕ್ಕಳ ಕಥೆ ಇದು. ಮನೆಯಲ್ಲಿ ಕನ್ನಡವನ್ನೋ ಉರ್ದುವನ್ನೋ ಆಡಿ, ಇಂಗ್ಲಿಷ್ ಮೀಡಿಯಂಗೆ ಹೋಗುವ ನಮ್ಮ ಮಕ್ಕಳಿಗೆ ಇನ್ನೂ ಹೆಚ್ಚು ಸಮಯ ಕೊಡಬೇಕು.

ಒಂದೊಂದೇ ಪದವನ್ನು ಬಾಯಿಪಾಠ ಮಾಡಿಸುವ ಬದಲು ಒಂದೇ ಜಾತಿಯವನ್ನು ಒಟ್ಟಿಗೆ ಬರೆಸಿ. ‘ಜಿ-ಎಚ್’ ಇರುವ ನೈಟ್, ಲೈಟ್, ರೈಟ್, ಫೈಟ್ ಒಂದು ಸಾಲಿಗೆ. ‘ಕೆ’ಯಿಂದ ಶುರುವಾಗುವ ನೈಫ್, ನೀ (ಮೊಣಕಾಲು), ನೋ (ತಿಳಿ), ನಾಕ್ (ತಟ್ಟು) ಇನ್ನೊಂದು ಸಾಲಿಗೆ. ಮೊದಲ ಸಲ ‘ಜಿ-ಎಚ್’ ಅನ್ನು ಗಂಟಲಿಂದಲೇ, ‘ಕೆ’ಯನ್ನು ಗಟ್ಟಿಯಾಗಿಯೇ ಓದಿಸಿ. ಹಳಬರು ಹೀಗೇ ಅನ್ನುತ್ತಿದ್ದರು ಎಂದು ಹೇಳಿ, ಆಮೇಲೆ ಇಂದಿನ ಉಚ್ಚಾರ ಕಲಿಸಿ.