ಮರುಕಳಿಕೆ ಅವಧಿ: 50 ವರ್ಷಗಳ ಬಿರುಗಾಳಿಗೆ ಕ್ಯಾಲೆಂಡರ್ ಗೊತ್ತಿಲ್ಲ

ಗುಜರಾತ್ ಮತ್ತು ತಮಿಳುನಾಡಿನ ಕಡಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸುವ ಚರ್ಚೆ ಎದ್ದಾಗಲೆಲ್ಲ ಒಂದು ಸಮಾಧಾನದ ಮಾತು ಕೇಳಿಬರುತ್ತದೆ: ಯಂತ್ರವನ್ನು 50 ವರ್ಷಕ್ಕೊಮ್ಮೆ ಬರುವ ಬಿರುಗಾಳಿಗೆ ತಕ್ಕಂತೆ ಕಟ್ಟಲಾಗುತ್ತದೆ, ಅದರ ಆಯುಷ್ಯವೇ 25 ವರ್ಷ, ಆದ್ದರಿಂದ ಅಂಥ ಗಾಳಿಯನ್ನು ಅದು ಕಾಣುವುದೇ ಇಲ್ಲ. ಇಲ್ಲಿ ಎರಡು ಸಂಖ್ಯೆಗಳಿಗೂ ಆಧಾರವಿದೆ. ‘ಆದ್ದರಿಂದ’ ಎಂಬುದಕ್ಕೆ ಇಲ್ಲ.

ಬಿರುಗಾಳಿ ಎಬ್ಬಿಸುವ ಅಲೆಯನ್ನೇ ತೆಗೆದುಕೊಳ್ಳಿ. 50 ವರ್ಷಗಳ ಮರುಕಳಿಕೆ ಅವಧಿಯುಳ್ಳ ಅಲೆ ಎಂದರೆ, ಯಾವುದೇ ಒಂದು ವರ್ಷದಲ್ಲಿ ಅದಕ್ಕಿಂತ ದೊಡ್ಡದು ಏಳುವ ಸಂಭವ ನೂರಕ್ಕೆ 2ರಷ್ಟಿರುವ ಅಲೆ ಎಂದರ್ಥ. ಕಳೆದ ವರ್ಷ ಬಂದು ಹೋಯಿತೆಂದು ಈ ವರ್ಷ ಅದಕ್ಕೆ ರಜೆಯಿಲ್ಲ. ಒಂದು ವರ್ಷ ಅದು ಏಳದೆ ಹೋಗುವ ಸಂಭವ 0.98, 25 ವರ್ಷಕ್ಕೆ 0.98ನ್ನು 25 ಬಾರಿ ಗುಣಿಸಿದರೆ ಸುಮಾರು 0.60. ಅಂದರೆ ಯಂತ್ರದ ಆಯುಷ್ಯದಲ್ಲಿ ಒಮ್ಮೆಯಾದರೂ ಆ ಮಿತಿ ಮೀರುವ ಸಂಭವ ನೂರಕ್ಕೆ 40ರಷ್ಟು. 100 ವರ್ಷಗಳ ಅಲೆಯನ್ನು ಹಿಡಿದರೂ ಅದು 22ಕ್ಕೆ ಇಳಿಯುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಮಾನದಂಡಗಳನ್ನು ಹೋಲಿಸುವವರು ಎಡವುವುದೂ ಇದೇ ಪದದ ಮೇಲೆ. ಸಮುದ್ರದ ತೈಲ ವೇದಿಕೆಗಳಿಗಾಗಿ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ರೂಪಿಸಿದ ಆರ್‌ಪಿ 2ಎ, ಪ್ರಮುಖ ವೇದಿಕೆಗಳಿಗೆ 100 ವರ್ಷಗಳ ಅಲೆಯನ್ನು ಹಿಡಿಯುತ್ತದೆ. ಕಡಲಿನ ಗಾಳಿಯಂತ್ರಗಳಿಗಾಗಿ ಇರುವ, ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ (ಐಇಸಿ) 61400-3-1 ಹಿಡಿಯುವುದು 50 ವರ್ಷಗಳದ್ದನ್ನು. ಇಷ್ಟನ್ನೇ ನೋಡಿ ಎರಡನೆಯದು ಸಡಿಲವೆಂದು ತೀರ್ಪು ಕೊಡುವುದು ಅರ್ಧ ಓದು. ಹೀಗೆ ಬಂದ ಭಾರವನ್ನು ಒಂದು ಸುರಕ್ಷತಾ ಗುಣಕದಿಂದ ಹೆಚ್ಚಿಸಿದ ಮೇಲಷ್ಟೇ ಉಕ್ಕಿನ ದಪ್ಪ ನಿರ್ಧಾರವಾಗುತ್ತದೆ. ಐಇಸಿಯಲ್ಲಿ ಆ ಗುಣಕ ಸಾಮಾನ್ಯವಾಗಿ 1.35, ಆರ್‌ಪಿ 2ಎಯ, ಇಂಥ ಗುಣಕಗಳನ್ನು ಬಳಸುವ ಆವೃತ್ತಿಯಲ್ಲೂ 1.35. ಆದರೆ ಅದೇ 1.35 ಎಲ್ಲ ಕಡಲುಗಳಲ್ಲೂ ಒಂದೇ ರಕ್ಷಣೆ ಕೊಡುವುದಿಲ್ಲ. ಉತ್ತರ ಸಮುದ್ರದಲ್ಲಿ ಚಳಿಗಾಲದ ಬಿರುಗಾಳಿಗಳು ಪ್ರತಿವರ್ಷ ಬರುವುದರಿಂದ 50 ಮತ್ತು 100 ವರ್ಷಗಳ ಅಲೆಗಳ ನಡುವೆ ಅಂತರ ಕಡಿಮೆ. ಮೆಕ್ಸಿಕೋ ಕೊಲ್ಲಿಯ ಒಂದು ನಿರ್ದಿಷ್ಟ ಜಾಗಕ್ಕೆ ಹಲವು ವರ್ಷ ಚಂಡಮಾರುತವೇ ತಟ್ಟದೆ, ತಟ್ಟಿದಾಗ ಎಲ್ಲವನ್ನೂ ಮೀರುವುದರಿಂದ ಅಲ್ಲಿ ಅಂತರ ಹೆಚ್ಚು; ಗುಣಕ ಕೊಟ್ಟ ಮೀಸಲು ಬೇಗ ಕರಗುತ್ತದೆ. ಯುರೋಪಿನ ಕಡಲಿಗೆ ಒಗ್ಗಿದ ಸಂಖ್ಯೆಗಳನ್ನು ಹಾಗೆಯೇ ಎತ್ತಿ ತರಬಾರದೆನ್ನುವುದು ಇದಕ್ಕೆ. ಗಾಳಿಯಂತ್ರಗಳ ಮೂಲ ಮಾನದಂಡವಾದ ಐಇಸಿ 61400-1 ಕೂಡ 2019ರಲ್ಲಿ, ಗಾಳಿಯ ವೇಗದ ಮೊದಲ ದರ್ಜೆಯ ಸೆಕೆಂಡಿಗೆ 50 ಮೀಟರಿನ ಆಚೆಗೆ, ಉಷ್ಣವಲಯದ ಚಂಡಮಾರುತಗಳಿಗೆಂದು 57 ಮೀಟರಿನ ದರ್ಜೆಯೊಂದನ್ನು ಸೇರಿಸಿತು.

ಇನ್ನೊಂದು ವಿಷಯ ತೈಲ ವೇದಿಕೆಗೆ ಇಲ್ಲದ್ದು. ಗಾಳಿಯಂತ್ರದ ತಲೆ ಮೋಟಾರಿನ ಬಲದಿಂದ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ. ಗ್ರಿಡ್ ಹೋದರೆ ಅದು ತಿರುಗದು, ಗಾಳಿ ಪಕ್ಕದಿಂದ ಹೊಡೆಯುತ್ತದೆ. ಈ ಸ್ಥಿತಿಯನ್ನು ಐಇಸಿ ಪರೀಕ್ಷಿಸಲು ಹೇಳುತ್ತದೆ, ಆದರೆ ‘ಅಸಹಜ’ ಎಂದು ವರ್ಗೀಕರಿಸಿ ಗುಣಕವನ್ನು 1.1ಕ್ಕೆ ಇಳಿಸುತ್ತದೆ. ಚಂಡಮಾರುತ ಬಂದಾಗ ಮೊದಲು ಹೋಗುವುದೇ ಕರೆಂಟು ಎಂಬುದು ಒಡಿಶಾದ ಅಥವಾ ಆಂಧ್ರದ ಕರಾವಳಿಯಲ್ಲಿ ಯಾರಿಗೂ ಅಸಹಜವಾಗಿ ಕಾಣದು. ತಲೆಯನ್ನು ಕನಿಷ್ಠ 6 ಗಂಟೆ ತಿರುಗಿಸಬಲ್ಲ ಪರ್ಯಾಯ ವಿದ್ಯುತ್ ಇದ್ದರೆ ಎಲ್ಲ ದಿಕ್ಕುಗಳ ಈ ಪರೀಕ್ಷೆಯಿಂದ ವಿನಾಯಿತಿಯೂ ಉಂಟು. ಆ ಬ್ಯಾಟರಿಯ ನಿರ್ವಹಣೆ ಯಾರ ಹೊಣೆ ಎಂಬುದನ್ನು ಗುತ್ತಿಗೆಯಲ್ಲೇ ಬರೆಸಿಕೊಳ್ಳುವುದು ಲೇಸು.